ಅಂಗಳದಲ್ಲಿ ನಿನ್ನ ಮುಖ

ಗ್ಯಾರೆಟ್,

ನಮ್ಮ ಮನೆಯನ್ನು ನಿನ್ನ ಏಜೆನ್ಸಿಯಿಂದಲೇ ಮಾರಿಕೋ, ನಾನು ಅಡ್ಡ ಬರುವುದಿಲ್ಲ. ಆದರೆ ಅಂಗಳದಲ್ಲಿ ನೆಟ್ಟಿರುವ ‘ಮಾರಾಟಕ್ಕಿದೆ’ ಬೋರ್ಡನ್ನು ಶುಕ್ರವಾರದವರೆಗಾದರೂ ತೆಗೆದಿಡು. ಅವತ್ತು ನಿನ್ನ ಹಾಗೆ ಮನೆ ಮಾರುವ ಏಜೆಂಟ್ ಆಗಲು ನನ್ನ ಲೈಸೆನ್ಸ್ ಪರೀಕ್ಷೆ. ಎರಡು ಸಲ ಫೇಲಾಗಿದ್ದೇನೆ. ಈ ಸಲವೂ ಹೋದರೆ ಟೆಸ್ಸಾಳನ್ನು ಸಾಕಲು ನನಗೆ ಬೇರೆ ದಾರಿಯಿಲ್ಲ. ಅಡುಗೆಮನೆಯಲ್ಲಿ ಪುಸ್ತಕ ತೆರೆದರೆ ಸಾಕು, ಕಿಟಕಿಯಾಚೆ ಬೋರ್ಡಿನ ಮೇಲಿನ ನಿನ್ನ ಫೋಟೊ ಹಲ್ಲು ಕಿರಿಯುತ್ತದೆ. “ಇದೆಲ್ಲ ನಿನ್ ಕೈಲಿ ಆಗಲ್ಲ ಕಣೆ” ಅಂದ ಹಾಗಾಗುತ್ತದೆ. ಅಡಮಾನದ ಪಾಠ ಒಂದಕ್ಷರವೂ ತಲೆಗೆ ಹತ್ತುತ್ತಿಲ್ಲ.

ನಾನೇ ಕಿತ್ತುಹಾಕಲು ಹೋದೆ. ಟೆಸ್ಸಾ ಬೋರ್ಡಿನ ಕಂಬ ತಬ್ಬಿಕೊಂಡು ಬಿಡಲಿಲ್ಲ. ನಿನ್ನೆ ಮಳೆ ನಿಂತ ಮೇಲೆ ತನ್ನ ಟವೆಲ್ ತಂದು ನಿನ್ನ ಮುಖ ಒರೆಸಿದಳು. “ಅಪ್ಪ ಪೂರ್ತಿ ನೆಂದೋಗಿದ್ದ ಕಣಮ್ಮ” ಅಂದಳು.

ಬೋರ್ಡ್ ತೆಗೆಯಲು ಆಳನ್ನು ಕಳಿಸಬೇಡ. ನೀನೇ ಬಾ.

ಲೋರ್ನಾ