ಗೋಕಿಲಾ ಕಟ್ಟಿದ ಪ್ರಾಸ

ಕೊಯಮತ್ತೂರು
14 ಸೆಪ್ಟೆಂಬರ್ 2024, ಶನಿವಾರ

ಸುಶೀಂದ್ರನ ಅಪ್ಪನಿಗೆ ವೇದವತಿಯ ನಮಸ್ಕಾರ.

ಮಂಡಿನೋವು ಹೇಗಿದೆ? ಉಡುಮಲೈಪೇಟೆಯ ಗಾಳಿ ಜೋರು. ಬೆಳಗಿನ ಹೊತ್ತು ಕಿವಿಗೆ ಏನಾದರೂ ಸುತ್ತಿಕೊಂಡೇ ತೋಟದ ಕಡೆ ಹೋಗಿ. ನಿಮ್ಮ ಅಕ್ಕ ಎಳನೀರು ಕೊಟ್ಟರೆ ಬೇಡವೆನ್ನಬೇಡಿ. ಫೋನು ಮಾಡಿದರೆ ನೀವು ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ನೀವು ಹೋಗಿ ನಾಲ್ಕು ತಿಂಗಳಾಯಿತು. ಇಲ್ಲೇ ಗಣಪತಿ ಬಡಾವಣೆಯಲ್ಲಿ ಪಂಪ್ ವರ್ಕ್‌ಶಾಪ್ ಇಟ್ಟಿರುವವರ ಮಗಳು ಗೋಕಿಲಾಳನ್ನು, ಒಂದಕ್ಷರ ಕನ್ನಡ ಬಾರದವಳನ್ನು, ಮಗ ಮದುವೆಯಾಗಿ ಕರೆತಂದ ದಿನ, “ಈ ಮನೇಲಿ ಇನ್ಮೇಲೆ ಕನ್ನಡ ಮುಗೀತು” ಎಂದು ಚೀಲ ಹಿಡಿದು ಅಕ್ಕನ ಮನೆಗೆ ಹೊರಟಿರಿ. ನಾನೂ ಅವಳೊಂದಿಗೆ ಹೆಚ್ಚು ಮಾತಾಡಲಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಬೇಕಾದದ್ದನ್ನು ಕೈತೋರಿಸಿ ಕೇಳುತ್ತಿದ್ದೆ.

ಮಂಗಳವಾರ ಮಧ್ಯಾಹ್ನ ಮಹಡಿಯ ಮೇಲೆ ಸಂಡಿಗೆ ಒಣಹಾಕಿ, ನೀರಿನ ಟ್ಯಾಂಕಿನ ನೆರಳಿನಲ್ಲಿ ಒರಗಿದ್ದೆ. ಪಾಲಕ್ಕಾಡಿನ ಕಡೆಯಿಂದ ತಂಪು ಗಾಳಿ, ಕಣ್ಣು ಎಳೆಯುತ್ತಿತ್ತು. ಆ ಮಂಪರಿನಲ್ಲಿ ಯಾರೋ ಮಗುವನ್ನು ತೂಗುತ್ತಿರುವಂತೆ ಕೇಳಿಸಿತು: ಪಾಲು ಹಾಲು, ಪಲ್ಲು ಹಲ್ಲು, ಪುಲಿ ಹುಲಿ, ಪೂ ಹೂ. ಎಲ್ಲಿ ನಿಂತುಬಿಡುತ್ತದೋ ಎಂದು ಎಷ್ಟೋ ಹೊತ್ತು ಕಣ್ಣೇ ಬಿಡಲಿಲ್ಲ. ಕಾಗೆ ಓಡಿಸುವ ಕೋಲು ಹಿಡಿದ ಗೋಕಿಲಾ ತನ್ನಷ್ಟಕ್ಕೆ ತಮಿಳು ಮಾತೊಂದು, ಅದಕ್ಕೆ ಪ್ರಾಸವಾಗಿ ನಮ್ಮ ಮಾತೊಂದು ಜೋಡಿಸುತ್ತಿದ್ದಳು. ನಾನೂ ಮಗನೂ ಆಡುವುದನ್ನು ಕೇಳಿ ಕೇಳಿಯೇ ಕಲಿತಿದ್ದಾಳೆ. ಇಷ್ಟು ವರ್ಷ ಎರಡೂ ಭಾಷೆ ಆಡಿದ್ದೇನೆ. ಪಕ್ಕಪಕ್ಕ ಇಟ್ಟು ಕೇಳಿರಲಿಲ್ಲ. ನಾನು ಎದ್ದದ್ದು ನೋಡಿ, “ಹಂಗಂದ್ರೆ ಅತ್ತೆ, ಪಾಟಿಗೆ ಹಾಟಿ ಅಂತಾರಾ?” ಎಂದಳು. ತಮಿಳಿನಲ್ಲಿ ಅಜ್ಜಿ ಪಾಟಿಯಲ್ಲವೇ. ನಾನು ನಕ್ಕುಬಿಟ್ಟೆ, ನೀವು ಹೋದಮೇಲೆ ಮೊದಲ ಸಲ. “ಅಜ್ಜಿ ಅಂತಾರಮ್ಮ” ಎಂದೆ. ಸಂಜೆಯವರೆಗೆ ಇಬ್ಬರದೂ ಅದೇ ಆಟ. ಸಂಡಿಗೆ ಅರ್ಧ ಕಾಗೆಯ ಪಾಲಾಯಿತು.

ನಿನ್ನೆ ಸಾರು ಅವಳದೇ. ಸುಶೀಂದ್ರ ಒಂದು ತುತ್ತು ಬಾಯಿಗಿಟ್ಟು ಸುಮ್ಮನೆ ಅವಳ ಮುಖ ನೋಡಿದ. ಅವಳು ತಾನೂ ರುಚಿ ನೋಡಿ, ತಲೆ ಎತ್ತದೆ, “ಸಾರಲ್ಲಿ ಉಪ್ಪಿಲ್ಲ, ನನ್ ಮೇಲೆ ತಪ್ಪಿಲ್ಲ” ಎಂದಳು. ಯಾರೂ ಹೇಳಿಕೊಟ್ಟದ್ದಲ್ಲ. ಎಲೆಯ ಮುಂದೆ ಕೂತು ನೀವು ಹೀಗೆಯೇ ಪ್ರಾಸ ಕಟ್ಟಿ ನನ್ನನ್ನು ಕೆಣಕುತ್ತಿದ್ದಿರಿ. ಮಗ ನನ್ನ ಕಡೆ ನೋಡಲಿಲ್ಲ, ನಾನೂ ಅವನ ಕಡೆ ನೋಡಲಿಲ್ಲ. ಮೊಸರು ತರುವ ನೆಪದಲ್ಲಿ ಒಳಗೆ ಎದ್ದು ಹೋದೆ. ಕನ್ನಡ ಮುಗಿಯಿತೆಂದು ಹೋದಿರಲ್ಲ, ಮುಗಿದಿಲ್ಲ.

ಅಕ್ಕನಿಗೆ ನನ್ನ ನಮಸ್ಕಾರ ತಿಳಿಸಿ. ಮಾತ್ರೆ ತಪ್ಪಿಸಬೇಡಿ.

ನಿಮ್ಮ ದಾರಿ ನೋಡುವ,
ವೇದವತಿ

ತಾ.ಕ.: ಭಾನುವಾರ ಬೆಳಿಗ್ಗೆ. ಇದನ್ನು ಅಂಚೆಗೆ ಹಾಕುವವಳಿದ್ದೆ. “ನಾನೇ ಕೊಟ್ಟು, ಮಾವನ್ನ ಕರ್ಕೊಂಡು ಬರ್ತೀನಿ ಅತ್ತೆ” ಎಂದು ಗೋಕಿಲಾ ಚಪ್ಪಲಿ ಮೆಟ್ಟಿ ನಿಂತಿದ್ದಾಳೆ. ಮಗ ಬೇಡವೆಂದರೂ ಕೇಳಲಿಲ್ಲ. ನೀವು ಇದನ್ನು ಓದುವಾಗ ಅಕ್ಕನ ಮನೆಯ ಮೆಟ್ಟಿಲ ಮೇಲೆಯೇ ಇರುತ್ತಾಳೆ. ಹೊರಗೆ ನಿಲ್ಲಿಸಬೇಡಿ, ಒಳಗೆ ಕರೆಯಿರಿ. ಬಾ ಎಂದರೂ ಸರಿ, ಅವಳ ತಮಿಳಿನಲ್ಲಿ ವಾ ಎಂದರೂ ಸರಿ.