ಕೆಮ್ಮಿದವರು ತಾವು, ಬೋರ್ಡು ನನ್ನ ಗೇಟಿಗೆ

ಜಿಲ್ಲೆಯ ಕೋಳಿಗಳ ಆರೋಗ್ಯದ ಹೊಣೆ ಹೊತ್ತ ಹಿರಿಯ ಅಧಿಕಾರಿಗಳಿಗೆ, ಎಲ್ಲರೂ ಓದಲೆಂದು ಬರೆದ ಪತ್ರ

ಮಾನ್ಯರೇ,

ಸುತ್ತಿ ಬಳಸದೆ ಲೆಕ್ಕದಿಂದಲೇ ಶುರು ಮಾಡುತ್ತೇನೆ. ಈ ಮಳೆಗಾಲದಲ್ಲಿ ಕಮಲಾಪುರದ ನನ್ನ ಟರ್ಕಿ ಕೋಳಿ ಶೆಡ್ಡಿಗೆ ಬಂದು ತಾವು ಕೆಮ್ಮಿದ ಕೆಮ್ಮಿಗೆ ಬಿದ್ದ ಖರ್ಚು ಹೀಗಿದೆ: ಮರಿ ತೆಗೆಯಲು ಇಟ್ಟಿದ್ದ ಒಂದು ಹಂಗಾಮಿನ ತತ್ತಿ, ಪೂರ್ತಿ. ಮರಿಗಾಗಿ ಹೆಸರು ಬರೆಸಿದ್ದ ಹುಮನಾಬಾದಿನ ಗಿರಾಕಿಗಳು, ಪೂರ್ತಿ. ನನ್ನ ಶೆಡ್ಡಿನ ಕೆಲಸಗಾರ ಮಾಪಣ್ಣನ ಮರ್ಯಾದೆ, ಮುಕ್ಕಾಲು ಪಾಲು. ತಮ್ಮ ಉಪಚಾರಕ್ಕೆಂದು ಕೊಯ್ಸಿದ ಕಮಲಾಪುರದ ಕೆಂಪು ಬಾಳೆಗೊನೆ, ಒಂದು. ಗೊನೆಯನ್ನು ಬಿಟ್ಟುಬಿಡುತ್ತೇನೆ, ಅದು ಅತಿಥಿ ಸತ್ಕಾರ. ಉಳಿದದ್ದಕ್ಕೆ ಜವಾಬು ಬೇಕು.

ತಕರಾರು ಇಷ್ಟೇ. ನನ್ನ ಹೆಣ್ಣು ಟರ್ಕಿಗಳಿಗೆ, ಅಂದರೆ ಹೇಟೆಗಳಿಗೆ, ಬಂದದ್ದು ಹಕ್ಕಿಜ್ವರ ಅಲ್ಲ ಎಂದು ಪ್ರಯೋಗಾಲಯದವರು ಬರೆದು ಕಳಿಸಿದ್ದಾರೆ. ಆದರೂ ‘ಹಕ್ಕಿಜ್ವರ ಶಂಕಿತ ಸ್ಥಳ, ಪ್ರವೇಶ ನಿಷೇಧ’ ಎಂಬ ತಮ್ಮ ಕೆಂಪು ಬೋರ್ಡು ನನ್ನ ಗೇಟಿಗೆ ಇನ್ನೂ ನೇತಾಡುತ್ತಿದೆ. ಅದು ಅಲ್ಲಿರುವ ತನಕ ಒಂದು ತತ್ತಿ, ಒಂದು ಮರಿ ಗೇಟು ದಾಟುವುದಿಲ್ಲ. ತಿನ್ನುವ ಬಾಯಿಗಳು ಮಾತ್ರ ಒಳಗೇ ಇವೆ. ದೀಪಾವಳಿಯೊಳಗೆ ಅದು ಇಳಿಯದಿದ್ದರೆ ತಳಿಗೆಂದು ಸಾಕಿದ ಹೇಟೆಗಳನ್ನು ಕಟುಕರಿಗೆ ಕೊಟ್ಟು ಶೆಡ್ಡಿಗೆ ಬೀಗ ಹಾಕುವುದೊಂದೇ ನನಗೆ ಉಳಿದ ದಾರಿ.

ಇದು ಹೊಟ್ಟೆಕಿಚ್ಚಿನ ಮಾತು ಎಂದು ತಮ್ಮ ಕಚೇರಿಯಲ್ಲಿ ಯಾರಾದರೂ ಹೇಳುತ್ತಾರೆಂದು ಬಲ್ಲೆ. ಅವರಿಗೆ ಆ ಶ್ರಮ ಬೇಡ, ನಾನೇ ಹೇಳುತ್ತೇನೆ. ಹೌದು, ಹೊಟ್ಟೆಕಿಚ್ಚೇ. ಕಲಬೆರಕೆಯಿಲ್ಲದ ಅಪ್ಪಟ ಮಾಲು. ನನ್ನ ಶೆಡ್ಡಿನ ಎದುರಿಗೆ, ರಸ್ತೆಯ ಆಚೆ ಬದಿಗೆ, ದೌಲಪ್ಪ ಸಾಹುಕಾರರ ಟರ್ಕಿ ಶೆಡ್ಡಿದೆ. ಬ್ರಹ್ಮಪುರದಲ್ಲಿ ಅವರ ಅಜ್ಜನ ಕಾಲದ ಮನೆ, ಕಮಲಾಪುರದಲ್ಲಿ ಮುತ್ತಜ್ಜನ ಕಾಲದ ಹೊಲ. ನಾನಾದರೋ ಜಗತ್ ಸರ್ಕಲ್ಲಿನಲ್ಲಿ ತಳ್ಳುಗಾಡಿ ನಿಲ್ಲಿಸಿ, ಬೇಯಿಸಿದ ತತ್ತಿ ಸುಲಿದು ಉಪ್ಪುಖಾರ ಉದುರಿಸಿ ಕೊಟ್ಟು, ಆಮೇಲೆ ಅಲ್ಲಿಯೇ ತತ್ತಿ ಅಂಗಡಿ ಇಟ್ಟು, ಆಮೇಲೆ ಈ ಶೆಡ್ಡಿಗೆ ತಗಡು ಹೊದಿಸಿದವನು. ಸಾಹುಕಾರರ ಮನೆಯ ಹೊಸ್ತಿಲನ್ನು ತತ್ತಿ ಇಂದಿಗೂ ದಾಟಿಲ್ಲ. ಆದರೂ ಟರ್ಕಿ ಮರಿ ಬೇಕೆಂದು ಬಂದವರು ಮೊದಲು ವಿಚಾರಿಸುವುದು ಅವರ ಹೆಸರನ್ನೇ. ತತ್ತಿ ತಿಂದು, ತತ್ತಿ ಮಾರಿ, ಅಂಗಿಗೆಲ್ಲ ತತ್ತಿಯ ವಾಸನೆ ಹತ್ತಿಸಿಕೊಂಡು ಮೇಲೆ ಬಂದವನು ಎರಡನೆಯವನಾಗಬೇಕು, ತತ್ತಿ ಮುಟ್ಟದವರು ಮೊದಲಿಗರಾಗಬೇಕು. ಇದಕ್ಕೂ ಉರಿಯದಿದ್ದರೆ ಅದು ಹೊಟ್ಟೆ ಹೇಗಾದೀತು?

“ಅವರ ಕೋಳಿ ತತ್ತಿ ಇಟ್ಟರ ನಿಮ್ಮ ಹೊಟ್ಟಿ ಯಾಕ್ರೀ ನೋಯ್ತದ?” ಎಂದು ನನ್ನ ಮನೆಯಾಕೆ ಸುಜಾತಾ ಕೇಳುತ್ತಾಳೆ.

“ನಿನಗ ವ್ಯಾಪಾರ ಗೊತ್ತಿಲ್ಲ, ಸುಮ್ಮನಿರು” ಎನ್ನುತ್ತೇನೆ.

“ವ್ಯಾಪಾರ ಗೊತ್ತಿಲ್ಲಂದ್ರ ಏನಾಯ್ತು, ವ್ಯಾಪಾರಿ ಗೊತ್ತಲ್ರಿ” ಎನ್ನುತ್ತಾಳೆ.

ಇನ್ನು ಕೋಳಿಯ ವಿಷಯ. ತಮಗೆ ಗೊತ್ತಿದೆ, ಓದುವವರಿಗೆ ಹೇಳಬೇಕು. ನಾವು ಸಾಕುವ ಅಗಲೆದೆಯ ಬಿಳಿ ಟರ್ಕಿ ಹುಂಜ ಎಷ್ಟು ಭಾರವೆಂದರೆ, ಅದು ಹೇಟೆಯ ಮೇಲೆ ಹತ್ತಿದರೆ ಸಂಸಾರವಾಗುವುದಿಲ್ಲ, ಅಪಘಾತವಾಗುತ್ತದೆ. ಆದ್ದರಿಂದ ಹುಂಜದ ವೀರ್ಯವನ್ನು ನಾವೇ ತೆಗೆದು, ಸಣ್ಣ ನಳಿಕೆಯಲ್ಲಿ ತುಂಬಿ, ವಾರವಾರ ಹೇಟೆಗೆ ಸೇರಿಸಬೇಕು. ಒಬ್ಬರು ಹೇಟೆಯನ್ನು ಅಮುಕಿ ಹಿಡಿಯುತ್ತಾರೆ. ಇನ್ನೊಬ್ಬರು ನಳಿಕೆಯನ್ನು ಒಳಗಿಟ್ಟು, ಅದರ ಹಿಂದಿನ ರಬ್ಬರ್ ಕೊಳವೆಯನ್ನು ಬಾಯಲ್ಲಿ ಕಚ್ಚಿ ಮೆಲ್ಲಗೆ ಒಮ್ಮೆ ಊದುತ್ತಾರೆ. ನನ್ನ ಶೆಡ್ಡಿನಲ್ಲಿ ಊದುವವನು ಮಾಪಣ್ಣ. ಅವನ ಉಸಿರಿಗೆ ಎಷ್ಟು ಮರಿ ಹುಟ್ಟಿವೆಯೋ ದೇವರೇ ಬಲ್ಲ.

ಎದುರು ಶೆಡ್ಡಿನಲ್ಲಿ ಮಾತ್ರ ಊದುವಂತಿಲ್ಲ. ದೌಲಪ್ಪನವರು ದಿನಾ ಲಿಂಗಪೂಜೆ ಮಾಡುವ ಶಿಸ್ತಿನ ಮನುಷ್ಯ. ತಮ್ಮ ಶೆಡ್ಡಿನಲ್ಲಿ ಯಾರೂ ಅಂಥ ಕೊಳವೆಗೆ ಬಾಯಿ ಹಚ್ಚಕೂಡದು ಎಂದು ಮೊದಲ ದಿನವೇ ಕಟ್ಟಪ್ಪಣೆ ಮಾಡಿ, ಔಷಧದ ಅಂಗಡಿಯಿಂದ ಒತ್ತುವ ರಬ್ಬರ್ ಚೆಂಡು ತರಿಸಿದರು. ಕೊಳವೆಯ ತುದಿಗೆ ಚೆಂಡು ಸಿಕ್ಕಿಸಿ ಹಿಚುಕಿದರಾಯಿತು. ಒಮ್ಮೆ ನನ್ನ ಬೇಲಿಯ ಬಳಿ ನಿಂತು ನೋಡಿ ಅವರು ಹೇಳಿದರು: “ಏ ಸುಧಾಕರ, ಮನುಷ್ಯಾನ ಎಂಜಲ ಉಸಿರು ಕೋಳಿ ಹೊಟ್ಟ್ಯಾಗ ಯಾಕೋ? ಹೇಸಿಕಿ ಅನಸಂಗಿಲ್ಲೇನು?”

“ನಿಮ್ಮ ಕೋಳಿಗೆ ದೀಕ್ಷಾ ಕೊಡಿಸೀರೇನ್ರೀ ಸಾವ್ಕಾರ್ರ?” ಎಂದು ನಾನು ಕೂಗಿದೆ. ಮಾಪಣ್ಣ ನಕ್ಕು ನಕ್ಕು ಕೊಳವೆಯನ್ನು ಕೆಳಗೆ ಬೀಳಿಸಿದ. ಆ ನಗುವನ್ನೂ ಖರ್ಚಿನ ಪಾಲಿಗೆ ಸೇರಿಸಿಕೊಳ್ಳಿ.

ಈಗ ತಮ್ಮ ಆಗಮನಕ್ಕೆ ಬರುತ್ತೇನೆ. ಹೊಸ ಸಾಕಾಣಿಕೆದಾರರಿಗೆ ತರಬೇತಿ ಕೊಡಲು ತಾವು ಗೊತ್ತು ಮಾಡಿದ್ದು ದೌಲಪ್ಪನವರ ಶೆಡ್ಡನ್ನು. ಸುದ್ದಿ ಕೇಳಿದ ಮೇಲೆ ನನಗೆ ರೊಟ್ಟಿ ಇಳಿಯಲಿಲ್ಲ. ಮತ್ತೆ ಅವರೇ? ಮತ್ತೆ ಅವರ ಹೆಗಲಿಗೇ ಶಾಲು? ತಮ್ಮ ಕಚೇರಿಯ ಮೆಟ್ಟಿಲು ಹತ್ತಿ ಇಳಿದೆ. ಅವರ ಶೆಡ್ಡಿನಲ್ಲಿ ಗಾಳಿಯಿಲ್ಲ ಎಂದೆ, ದಾರಿ ಕೆಸರು ಎಂದೆ, ಅವರಲ್ಲಿ ಚಹಾಕ್ಕೆ ಸಕ್ಕರೆ ಕಡಿಮೆ ಎಂದೆ. ಕಡೆಗೆ ತಾವು ನನ್ನ ಶೆಡ್ಡಿಗೆ ಒಪ್ಪಿದಿರಿ. ಅಂದರೆ ದೌಲಪ್ಪನವರ ಪಾಲಿಗೆ ಬರಬೇಕಿದ್ದ ಕೆಮ್ಮನ್ನು ನಾನೇ ಜಗ್ಗಾಡಿ ರಸ್ತೆ ದಾಟಿಸಿ ನನ್ನ ಗೇಟಿನೊಳಗೆ ತಂದುಕೊಂಡೆ. ಹೊಟ್ಟೆಕಿಚ್ಚಿನವನಿಗೆ ದೇವರು ಇಷ್ಟು ಚೊಕ್ಕವಾಗಿ ಕೇಳಿದ್ದನ್ನು ಕೊಟ್ಟ ಉದಾಹರಣೆ ನಮ್ಮ ಕಡೆ ಇನ್ನೊಂದಿಲ್ಲ.

ತಾವು ಜೀಪಿನಿಂದ ಇಳಿಯುವಾಗಲೇ ಕಣ್ಣು ಕೆಂಪಗಿದ್ದವು. ಕೊರಳಿಗೆ ಮಫ್ಲರು, ಕೈಯಲ್ಲಿ ಕರವಸ್ತ್ರ. ಮಾಪಣ್ಣ ನನ್ನ ಕಿವಿಯಲ್ಲಿ, “ಸಾಹೇಬರಿಗಿ ಮೈ ಸುಡಲಾಕತ್ತದ್ರೀ ಅಣ್ಣಾ, ನಾನೇ ಊದಿ ತೋರಸ್ತೀನಿ” ಎಂದ. “ಸುಮ್ಮನಿರೋ, ಫೋಟೊದವರು ಬಂದಾರ” ಎಂದು ಅವನ ಬಾಯಿ ಮುಚ್ಚಿಸಿದೆ. ತಾವು ಕೊಳವೆಯನ್ನು ಅವನ ಕೈಯಿಂದ ಇಸಿದುಕೊಂಡು, “ಇದಕ್ಕೇನು ಹೆದರಿಕಿ? ಹಿಂಗ ಹಿಡೀರಿ, ಹಿಂಗ ಊದ್ರಿ” ಎಂದು ಊದಿದಿರಿ, ಕೆಮ್ಮಿದಿರಿ, ಮತ್ತೆ ಊದಿದಿರಿ. ಫೋಟೊದವರು ಇನ್ನೊಮ್ಮೆ ಎಂದರು. ತಾವು ಇನ್ನೊಂದು ಹೇಟೆಗೆ ಇನ್ನೊಮ್ಮೆ ಊದಿ, ಅದೇ ಕೊಳವೆಯನ್ನು ಮಾಪಣ್ಣನ ಕೈಗೆ ಕೊಟ್ಟಿರಿ. ಅವನು ಅಂಗಿಗೆ ಒರೆಸಿ ಬಾಯಿಗಿಟ್ಟುಕೊಂಡ. ಹಿರಿಯರು ಕೊಟ್ಟದ್ದನ್ನು ತೊಳೆಯಬಾರದೆಂಬ ಮರ್ಯಾದೆ ಅವನಿಗೆ.

ಮರುದಿನ ತಾವು ರಜೆ ಹಾಕಿ ಕಂಬಳಿ ಹೊದ್ದಿರಿ. ಆ ರಜೆಯ ಮೇಲೂ ನನಗೆ ಹೊಟ್ಟೆಕಿಚ್ಚಿದೆ. ತಾವು ಮಲಗಿದರೂ ಸಂಬಳ ಎದ್ದು ನಡೆಯುತ್ತದೆ. ಆಮೇಲೆ ಮಾಪಣ್ಣ ಜ್ವರದಿಂದ ನಡುಗಿದ, ನಾನೂ ನಡುಗಿದೆ. ಆದರೆ ವಾರದ ಊದುವಿಕೆ ತಪ್ಪಿಸುವಂತಿಲ್ಲವಲ್ಲ, ಕಷಾಯ ಕುಡಿದು ಅವನು ಶೆಡ್ಡಿಗೆ ಬಂದ. ಹೇಟೆಗಳೇನೂ ಸಾಯಲಿಲ್ಲ. ಕೆಲವು ಮಾತ್ರ ಸೀನಿದವು. ಆದರೆ ತತ್ತಿಗಳ ಮೇಲಿನ ಕಂದು ಚುಕ್ಕೆ ಮಾಯವಾಯಿತು. ಮೊದಲು ಬಿಳಿಚಿಕೊಂಡವು, ಆಮೇಲೆ ಚಿಪ್ಪು ತೊಗಲಿನಂತೆ ಮೆತ್ತಗಾಯಿತು, ಕಡೆಗೆ ಬುಟ್ಟಿಯೇ ಬರಿದಾಯಿತು. ರಸ್ತೆಯ ಆಚೆಯಿಂದ ದೌಲಪ್ಪನವರ ಹೇಟೆಗಳು ತತ್ತಿಯಿಟ್ಟು ಕೂಗುವ ಸದ್ದು ನನಗೆ ಹಾಸಿಗೆಯಲ್ಲಿಯೂ ಕೇಳುತ್ತಿತ್ತು. ಅವು ಬೇಕೆಂದೇ ಜೋರಾಗಿ ಕೂಗುತ್ತಿದ್ದವು ಎಂದು ಪ್ರಮಾಣ ಮಾಡಿ ಹೇಳಬಲ್ಲೆ.

ತಮ್ಮ ಕಚೇರಿಗೆ ಸುದ್ದಿ ಮುಟ್ಟಿಸಿದವನು ನಾನೇ. ತಮ್ಮವರು ಬಿಳಿ ಉಡುಪಿನಲ್ಲಿ ಬಂದು, ಹೇಟೆಗಳ ಗಂಟಲಿಗೆ ಹತ್ತಿ ಆಡಿಸಿ, ಬೋರ್ಡು ಕಟ್ಟಿ ಹೋದರು. ಅನುಮಾನವಿದ್ದಾಗ ಕಟ್ಟಿದ್ದು ಸರಿ, ಅದಕ್ಕೆ ನನ್ನ ತಕರಾರಿಲ್ಲ. ಆಮೇಲೆ ವರದಿ ಬಂತು: ಹಕ್ಕಿಜ್ವರದ ವೈರಾಣು ಇಲ್ಲ, ಇರುವುದು ಮನುಷ್ಯರಲ್ಲಿ ಓಡಾಡುವ ಎಚ್1ಎನ್1 ಫ್ಲೂ, ಮನುಷ್ಯರಿಂದಲೇ ಕೋಳಿಗೆ ಬಂದಿರಬೇಕು. ಕೋಳಿ ನಮಗೆ ರೋಗ ಕೊಡುತ್ತದೆಂದು ಲೋಕವೆಲ್ಲ ಹೆದರುವಾಗ, ನನ್ನ ಹೇಟೆಗಳು ನಮ್ಮಿಂದ ರೋಗ ಪಡೆದು, ತುಟಿ ಪಿಟಕ್ಕೆನ್ನದೆ ವಾಸಿಯಾಗಿ, ಈಗ ಮತ್ತೆ ಚುಕ್ಕೆಯ ತತ್ತಿ ಇಡುತ್ತಿವೆ. ಬೋರ್ಡು ಯಾರಿಗೆ ಕಟ್ಟಬೇಕಿತ್ತು? ಕೋಳಿಯ ಗೇಟಿಗೋ, ಕೆಮ್ಮಿದವರ ಕೊರಳಿಗೋ?

ಇಷ್ಟಾದ ಮೇಲೆ ತಾವು ಪತ್ರಿಕೆಗೆ ಹೇಳಿದ್ದೇನು? ‘ಕಾರ್ಮಿಕರ ಅಜಾಗರೂಕತೆ.’ ಪ್ರಯೋಗಾಲಯದವರು ವೈರಾಣುವಿನ ಮೇಲೆ ಒಡೆಯನ ಹೆಸರು ಬರೆದು ಕೊಡುವುದಿಲ್ಲ, ಒಪ್ಪಿದೆ. ಆದರೆ ಮೊದಲು ಕೆಮ್ಮಿದ್ದು ಯಾರು ಎಂಬುದಕ್ಕೆ ಪ್ರಯೋಗಾಲಯ ಯಾಕೆ ಬೇಕು? ಒಂದು ಕೈಯಲ್ಲಿ ಕರವಸ್ತ್ರ, ಬಾಯಲ್ಲಿ ಕೊಳವೆ ಹಿಡಿದ ತಮ್ಮ ಫೋಟೊ ತಮ್ಮದೇ ಕಚೇರಿಯ ಗೋಡೆಯ ಮೇಲೆ ಹಾರ ಹಾಕಿಸಿಕೊಂಡು ನಿಂತಿದೆ. ಮಾಪಣ್ಣನ ಹೆಂಡತಿ ಗುಂಡಮ್ಮನನ್ನು ಮಾತ್ರ ಓಣಿಯವರು ‘ಕೋಳಿಗೆ ರೋಗ ಹಚ್ಚಿದವನ ಹೆಂಡತಿ’ ಎಂದು ಕರೆಯುತ್ತಿದ್ದಾರೆ.

ಗಾಯಕ್ಕೆ ಉಪ್ಪು ಬೇಕಲ್ಲ, ಅದನ್ನೂ ತಾವೇ ಉದುರಿಸಿದಿರಿ. ರೋಗ ದಾಟದಂತೆ ಎಚ್ಚರ ವಹಿಸಿದ ಮಾದರಿ ಸಾಕಾಣಿಕೆದಾರರೆಂದು ದೌಲಪ್ಪನವರಿಗೆ ಶಾಲು ಹೊದಿಸಿ ಪ್ರಮಾಣಪತ್ರ ಕೊಟ್ಟಿರಿ. ಅವರು ವಹಿಸಿದ್ದು ಮಡಿ, ತಾವು ಅದನ್ನು ವಿಜ್ಞಾನವೆಂದು ಓದಿದಿರಿ! ನಾನು ಊದಿಸಿದರೆ ಅಜ್ಞಾನ, ತಾವು ಊದಿದರೆ ತರಬೇತಿ, ಅವರು ಹೇಸಿದರೆ ಮಾದರಿ. ಎಂಥ ನ್ಯಾಯ! ಹುಮನಾಬಾದಿನ ನನ್ನ ಗಿರಾಕಿಗಳು ಈಗ ರಸ್ತೆಯ ಆಚೆ ಬದಿಗೆ ಗಾಡಿ ನಿಲ್ಲಿಸುತ್ತಾರೆ.

ಇನ್ನೂ ಕೇಳಿ. ಮೊನ್ನೆ ದೌಲಪ್ಪನವರು ತಾವಾಗಿಯೇ ನನ್ನ ಗೇಟಿಗೆ ಬಂದರು. ಬೋರ್ಡು ನೋಡಿ ಆಚೆಯೇ ನಿಂತು, ಬೇಲಿಯ ಮೇಲಿಂದ ಒಂದು ಪೊಟ್ಟಣ ಚಾಚಿದರು. ಒಳಗೆ ಹೊಸ ರಬ್ಬರ್ ಚೆಂಡು.

“ಎಷ್ಟಾತ್ರೀ ಸಾವ್ಕಾರ್ರ?” ಎಂದೆ.

“ರೊಕ್ಕ ಬ್ಯಾಡೋ. ಇನ್ನ ಮ್ಯಾಲೆ ಊದಬ್ಯಾಡ್ರಿ, ಅಷ್ಟ ಸಾಕು. ನಿನ್ನ ಶೆಡ್ ಮುಚ್ಚಿದ್ರ ನನಗ ಜಗಳಾಡ್ಲಾಕ ಯಾರಿದ್ದಾರ?”

ಬೈದಿದ್ದರೆ ಮರಳಿ ಬೈಯುತ್ತಿದ್ದೆ. ನಕ್ಕಿದ್ದರೆ ದ್ವೇಷ ಇಟ್ಟುಕೊಳ್ಳುತ್ತಿದ್ದೆ. ಪುಕ್ಕಟೆ ಕೊಟ್ಟು ಹೋದ ಮನುಷ್ಯನನ್ನು ಏನು ಮಾಡಲಿ? ದೊಡ್ಡತನದಲ್ಲಿಯೂ ಅವರೇ ಮೊದಲಿಗರಾದರು ಎಂದು ಆ ರಾತ್ರಿ ಹೊರಳಾಡಿದೆ. ಚೆಂಡು ಚೆನ್ನಾಗಿ ಕೆಲಸ ಮಾಡುತ್ತದೆ, ಅದು ಇನ್ನೊಂದು ಸಂಕಟ.

ಆದ್ದರಿಂದ ಮಾನ್ಯರೇ, ನನ್ನ ಬೇಡಿಕೆ ಕೇಳಿ. ದೀಪಾವಳಿಯೊಳಗೆ ತಾವೇ ಬರಬೇಕು, ಕೊಳವೆ ಹಿಡಿದ ಅದೇ ಕೈಯಿಂದ ಬೋರ್ಡು ಬಿಚ್ಚಬೇಕು, ಅದೇ ಫೋಟೊದವರನ್ನು ಕರೆತರಬೇಕು. ಮಾಪಣ್ಣನ ಮೇಲಿನ ಮಾತನ್ನು ಅದೇ ಪತ್ರಿಕೆಯಲ್ಲಿ ಹಿಂದಕ್ಕೆ ಪಡೆಯಬೇಕು. ನೆಗಡಿ, ಕೆಮ್ಮು, ಜ್ವರ ಇದ್ದವರು ಯಾರೇ ಆಗಲಿ ತಳಿ ಶೆಡ್ಡಿಗೆ ಕಾಲಿಡಬಾರದು, ಯಾರೂ ಕೊಳವೆಗೆ ಬಾಯಿ ಹಚ್ಚಬಾರದು, ಶೆಡ್ಡಿನ ಕೆಲಸಗಾರರಿಗೆ ಫ್ಲೂ ಲಸಿಕೆ ಹಾಕಿಸಬೇಕು ಎಂದು ಸುತ್ತೋಲೆ ಹೊರಡಿಸಬೇಕು. ‘ಯಾರೇ ಆಗಲಿ’ ಎಂಬಲ್ಲಿ ಜೀಪಿನಲ್ಲಿ ಬರುವವರೂ ಸೇರುತ್ತಾರೆಂದು ಬಿಡಿಸಿ ಬರೆಯಬೇಕು. ಬರುವಾಗ ಮೈ ಬಿಸಿಯಿದ್ದರೆ ಮಾತ್ರ ದಯವಿಟ್ಟು ಬರಬೇಡಿ, ಬೋರ್ಡನ್ನು ನಾನೇ ಬಿಚ್ಚಿ ಕಳಿಸುತ್ತೇನೆ.

ಕಡೆಗೆ, ಇದರಲ್ಲಿ ಯಾರಿಗೆ ಏನು ದಕ್ಕಿತು ಎಂಬ ಲೆಕ್ಕ.

ತಮಗೆ: ಹಾರ ಹಾಕಿದ ಫೋಟೊ, ಸಂಬಳದ ರಜೆ, ಕೆಂಪು ಬಾಳೆಗೊನೆ.
ದೌಲಪ್ಪನವರಿಗೆ: ಶಾಲು, ಪ್ರಮಾಣಪತ್ರ, ನನ್ನ ಗಿರಾಕಿಗಳು.
ಮಾಪಣ್ಣನಿಗೆ: ತಮ್ಮ ಜ್ವರ, ಅದರ ಮೇಲೆ ತಮ್ಮ ತಪ್ಪು.
ಹೇಟೆಗಳಿಗೆ: ಮನುಷ್ಯರ ರೋಗ, ಹಕ್ಕಿಯ ಹೆಸರು.
ನನಗೆ: ಒಂದು ಬೋರ್ಡು, ಒಂದು ರಬ್ಬರ್ ಚೆಂಡು. ಚೆಂಡು ದೌಲಪ್ಪನವರದು.

ಇಂತಿ,
ತಮ್ಮನ್ನು ಹಟ ಹಿಡಿದು ಕರೆಸಿಕೊಂಡ ತಪ್ಪಿಗೆ
ಬೋರ್ಡಿನ ಹಿಂದೆ ಕುಳಿತಿರುವ,
ಸುಧಾಕರ, ತತ್ತಿ ಅಂಗಡಿ,
ಜಗತ್, ಕಲಬುರಗಿ