ಗುಡುಗಿನ ಪಾಠ ಅಳಿಸಿದವರಿಗೆ

ಮಾನ್ಯ ಹವಾಮಾನ ಕಚೇರಿಯ ನಿರ್ದೇಶಕರೇ,

ನಿಮ್ಮ ಜಾಲತಾಣದಲ್ಲಿದ್ದ ‘ಹವಾಮಾನ ಕಲಿಯಿರಿ’ ಪುಟವನ್ನು ನವೀಕರಣದ ಹೆಸರಿನಲ್ಲಿ ಕಿತ್ತುಹಾಕಿದಿರಿ. ಆ ಪುಟ ಬೇಕಾಗಿದ್ದ ಸಂಜೆ ಅದು ಇರಲಿಲ್ಲ. ನನ್ನ ಅಕ್ಕನ ಮಗಳು ಆಸ್ಪತ್ರೆ ಸೇರಿದಳು. ಎರಡಕ್ಕೂ ಸಂಬಂಧವಿಲ್ಲವೆಂದು ನಿಮ್ಮ ಕಚೇರಿ ಫೋನಿನಲ್ಲಿ ತಿಳಿಸಿದೆ. ಸಂಬಂಧವೇನೆಂದು ಎಲ್ಲರೆದುರೇ ಹೇಳುತ್ತೇನೆ, ಬಿಡುವು ಮಾಡಿಕೊಂಡು ಓದಿ.

ನಾನು ಬಸ್ ಚಾಲಕಿ. ಟ್ರಿಪ್‌ಗಳ ನಡುವಿನ ಬಿಡುವಿನಲ್ಲಿ ಆ ಪುಟ ಓದುತ್ತಿದ್ದೆ. ಮೋಡಗಳ ಚಿತ್ರ, ರೇಡಾರ್ ನಕ್ಷೆ ನೋಡುವ ಕ್ರಮ, ಗಾಳಿ ತಿರುಗುವ ಬಗೆ, ಗುಡುಗಿದಾಗ ಏನು ಮಾಡಬೇಕೆಂಬ ಪಾಠ, ಎಲ್ಲವೂ ಪಕ್ಕದಲ್ಲಿ ಕೂತು ಹೇಳಿದಷ್ಟು ಸರಳವಾಗಿತ್ತು. ಬರೆದವರು ಯಾರೋ ಪುಣ್ಯಾತ್ಮರು. ಇನ್ನೂ ನಿಮ್ಮಲ್ಲಿದ್ದಾರೋ, ಅವರನ್ನೂ ನವೀಕರಿಸಿಬಿಟ್ಟಿರೋ ತಿಳಿಯದು. ಅಕ್ಕನ ಮಗಳು ಫುಟ್‌ಬಾಲ್ ತಂಡದ ಗೋಲ್‌ಕೀಪರ್. ಅವಳ ಕೋಚ್‌ಗೆ ಆ ಪುಟ ತೋರಿಸಿದ್ದವಳು ನಾನೇ. ಮೋಡ ಕವಿದಾಗಲೆಲ್ಲ ಅವರು ಅದನ್ನು ತೆರೆದು ನೋಡುತ್ತಿದ್ದರು.

ಆ ಸಂಜೆಯೂ ನೋಡಿದರು. ದೂರದಲ್ಲಿ ಗುಡುಗು, ಮೈದಾನದಲ್ಲಿ ಒಂದು ಹನಿಯೂ ಇಲ್ಲ. ಪಾಠವಿದ್ದ ಜಾಗದಲ್ಲಿ ಹೊಸ ತಾಣದ ಉದ್ಘಾಟನೆಗೆ ರಿಬ್ಬನ್ ಕತ್ತರಿಸುತ್ತಿರುವ ನಿಮ್ಮ ಭಾವಚಿತ್ರ. ಕೋಚ್ ಬೇರೆಡೆ ಹುಡುಕಿದರು. ಲಕ್ಷಾಂತರ ಜನ ನೋಡಿದ್ದ ವಿಡಿಯೊ ಒಂದರಲ್ಲಿ ಯಾವನೋ ನಗುನಗುತ್ತ, ಮಳೆ ಶುರುವಾಗುವವರೆಗೆ ಸಿಡಿಲಿನ ಭಯವಿಲ್ಲ ಎನ್ನುತ್ತಿದ್ದ.

“ಸರ್, ಒಳಗೆ ಹೋಗೋಣ್ವಾ?” ಎಂದು ಇವಳು ಗೋಲಿನಿಂದ ಕೂಗಿದಳಂತೆ.

“ಮಳೆ ಬರ್ಲಿ, ಹೋಗೋಣ. ಆಡ್ತಾ ಇರಿ,” ಎಂದರಂತೆ ಕೋಚ್.

ಸಿಡಿಲು ಗೋಲ್‌ಕಂಬಕ್ಕೆ ಬಡಿಯಿತು. ಅವಳ ಉಸಿರು ನಿಂತಿತ್ತು. ಎದೆ ಒತ್ತಿ ಒತ್ತಿ ಅದನ್ನು ಮರಳಿಸಿದ್ದೂ ಅದೇ ಕೋಚ್. ಆಸ್ಪತ್ರೆಯ ಕಾರಿಡಾರಿನಲ್ಲಿ ಅಕ್ಕ ಅವರ ಕಾಲರ್ ಹಿಡಿದಳು. “ಆಕಾಶ ನೋಡೋಕೆ ಕಣ್ಣಿರ್ಲಿಲ್ವಾ ನಿಮ್ಗೆ?” ಅವರು ಬಿಡಿಸಿಕೊಳ್ಳಲಿಲ್ಲ. ನನ್ನತ್ತ ಫೋನ್ ಚಾಚಿ, “ಮೇಡಂ, ನಾನ್ ಮೊದ್ಲು ಅಲ್ಲೇ ನೋಡ್ದೆ. ಪಾಠ ಇರ್ಲಿಲ್ಲ,” ಎಂದರು. ಪರದೆಯ ಮೇಲೆ ನೀವಿನ್ನೂ ರಿಬ್ಬನ್ ಕತ್ತರಿಸುತ್ತಲೇ ಇದ್ದಿರಿ.

ಕೋಚ್ ತಪ್ಪಿಲ್ಲವೇ? ಇದೆ; ಅವರೇ ಒಪ್ಪಿ ಕೆಲಸ ಬಿಟ್ಟಿದ್ದಾರೆ. ವಿಡಿಯೊದವನದು? ಅದೂ ಇದೆ. ಆದರೆ ಬಲ್ಲವರು ಬಾಯಿ ಮುಚ್ಚಿದ ಜಾಗದಲ್ಲೇ ಅಲ್ಲವೇ ಅವನು ಬಾಯಿ ತೆರೆದದ್ದು? “ಮುನ್ಸೂಚನೆ ಕೊಡೋದಷ್ಟೇ ನಮ್ ಕೆಲ್ಸ, ಪಾಠ ಮಾಡೋದಲ್ಲ,” ಎಂದರು ನಿಮ್ಮ ಸಿಬ್ಬಂದಿ. ಮುನ್ಸೂಚನೆ ಕೊಟ್ಟಿದ್ದಿರಿ, ನಿಜ: ‘ಅಲ್ಲಲ್ಲಿ ಗುಡುಗುಸಹಿತ ಸಂವಹನ ಚಟುವಟಿಕೆ ಸಂಭವನೀಯ.’ ಈ ಘನವಾಕ್ಯ ಓದಿ ಯಾವ ಮಗು ಎಲ್ಲಿಗೆ ಓಡಬೇಕಿತ್ತು, ಸ್ವಾಮಿ?

ನಮ್ಮ ಹುಡುಗಿ ಬದುಕಿದ್ದಾಳೆ. ಎಡಗಿವಿ ಕೇಳಿಸದು. ಮೊನ್ನೆ ಗುಡುಗಿದಾಗ ಮೇಜಿನಡಿ ನುಸುಳಿ, “ಚಿಕ್ಕಮ್ಮಾ, ಅದೆಷ್ಟು ದೂರ ಇದೆ ಹೇಳು,” ಎಂದು ನನ್ನ ಕೈ ಹಿಡಿದಳು. ಮಿಂಚಿಗೂ ಗುಡುಗಿಗೂ ನಡುವೆ ಎಣಿಸುವುದನ್ನು ಹೇಳಿಕೊಟ್ಟೆ. ಮೇಜಿನಡಿಯಿಂದಲೇ ಎಣಿಸಿದಳು. ಉಳಿದ ಮಕ್ಕಳಿಗೆ ಯಾರು ಹೇಳಿಕೊಡುತ್ತಾರೆ?

ಆ ಹಳೆಯ ಪಾಠಗಳನ್ನು ಇದೇ ವಾರ, ಇದ್ದ ಹಾಗೆಯೇ ಮರಳಿ ಹಾಕಿ. ಅಲಂಕಾರ ಆಮೇಲೆ ಮಾಡಿಕೊಳ್ಳಿ. ಎಲ್ಲಕ್ಕಿಂತ ಮೇಲೆ, ದಪ್ಪಕ್ಷರದಲ್ಲಿ ಬರೆಯಿರಿ: ಗುಡುಗು ಕೇಳಿಸಿದರೆ ಮಳೆಗೆ ಕಾಯಬೇಡಿ, ಕಟ್ಟಡದೊಳಗೆ ಹೋಗಿ.

ಇಂತಿ,
ಮಾತಾಡಬೇಕೆಂದರೆ ಮಗುವಿನ ಬಲಕ್ಕೇ ಹೋಗಿ ಕೂರುವ
ಒಬ್ಬ ಚಿಕ್ಕಮ್ಮ